ಒಂದೇ ಚಿಮಣಿ, ಎರಡು ಕಡತ

ರಾಯಚೂರು ಜಿಲ್ಲೆಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಯಿಂದ ಹೊರಬೀಳುವ ಹೊಗೆಗೆ ಸರ್ಕಾರಿ ಶಿಸ್ತು ಗೊತ್ತಿಲ್ಲ. ತಾನು ಯಾವ ಇಲಾಖೆಗೆ ಸೇರಿದ್ದು ಎಂದು ವಿಚಾರಿಸಿಕೊಂಡು ಹೊರಡುವ ಪದ್ಧತಿ ಅದಕ್ಕಿಲ್ಲ. ಇಂಗಾಲದ ಡೈಆಕ್ಸೈಡು, ಗಂಧಕದ ಡೈಆಕ್ಸೈಡು, ಸಾರಜನಕದ ಆಕ್ಸೈಡುಗಳು, ಹಾರುಬೂದಿ, ಚಿಟಿಕೆಯಷ್ಟು ಪಾದರಸ, ಎಲ್ಲವೂ ಜಾತ್ರೆಗೆ ಹೊರಟ ಒಂದೇ ಮನೆಯವರ ಹಾಗೆ ಜೊತೆಯಾಗಿ ಕೃಷ್ಣಾ ನದಿಯ ಮೇಲೆ ತೇಲಿಕೊಂಡು ಹೋಗುತ್ತವೆ. 1985ರಲ್ಲಿ ಮೊದಲ ಘಟಕ ಶುರುವಾದಂದಿನಿಂದ ಇದೇ ನಡೆದುಬಂದಿದೆ.

ಆಡಳಿತದ ಕೈಗೆ ಸಿಕ್ಕ ಕೂಡಲೇ ಈ ಮನೆ ಪಾಲಾಗುತ್ತದೆ. ಹಿರಿಯಣ್ಣ ಇಂಗಾಲದ ಡೈಆಕ್ಸೈಡಿಗೆ ‘ಹವಾಮಾನ ಬದಲಾವಣೆ’ ಎಂಬ ಕಡತ. ಈ ಕಡತಕ್ಕೆ ಪಾಸ್‌ಪೋರ್ಟ್ ಇದೆ. ಪ್ಯಾರಿಸ್, ಗ್ಲಾಸ್ಗೋ, ದುಬೈ, ಬಾಕು ಎಲ್ಲ ಸುತ್ತಿ ಬಂದಿದೆ. ಗಡುವು 2070. ಗಡುವು ಕೊಟ್ಟವರು ಯಾರೂ ಅಂದು ಉತ್ತರ ಹೇಳಲು ಇರುವುದಿಲ್ಲ ಎಂಬುದು ಈ ಗಡುವಿನ ವಿಶೇಷ. ಉಳಿದ ತಮ್ಮಂದಿರಿಗೆಲ್ಲ ಸೇರಿಸಿ ‘ವಾಯುಮಾಲಿನ್ಯ’ ಎಂಬ ಇನ್ನೊಂದು ಕಡತ. ಅದಕ್ಕೆ ಪಾಸ್‌ಪೋರ್ಟ್ ಇಲ್ಲ, ರೇಷನ್ ಕಾರ್ಡ್ ಮಾತ್ರ. ಅದು ಊರಲ್ಲೇ ಇದ್ದು, ಊರವರ ಎದೆಯಲ್ಲೇ ಮಲಗಿ, ನವೆಂಬರ್ ಬಂದಾಗ ದೆಹಲಿಯ ಟೀವಿ ಸ್ಟುಡಿಯೋಗೆ ಎದ್ದು ಬರುತ್ತದೆ. ಎರಡೂ ಕಡತಗಳು ಒಂದೇ ಸಚಿವಾಲಯದಲ್ಲಿವೆ. ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಎಂದು ಬೋರ್ಡಿನಲ್ಲೇ ಬರೆದಿದೆ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಎದ್ದು ಹೋಗಿ ‘ಸ್ವಾಮಿ, ಇಬ್ಬರೂ ಒಂದೇ ಚಿಮಣಿಯವರು’ ಎಂದು ಹೇಳುವ ಒಬ್ಬ ಗುಮಾಸ್ತ ಸಿಕ್ಕಿಲ್ಲ, ಅಷ್ಟೇ.

ಪಾಲು ಮಾಡಿದ್ದರಿಂದ ದೊಡ್ಡ ಅನುಕೂಲ ಇದೆ. ‘ಇನ್ನೂರು ವರ್ಷ ಹೊಗೆ ಬಿಟ್ಟು ಶ್ರೀಮಂತರಾದವರು ನೀವು, ಈಗ ನಮ್ಮ ಒಲೆ ಆರಿಸಲು ಬಂದಿದ್ದೀರಾ?’ ಎಂದು ಹೊರದೇಶದ ವೇದಿಕೆಯಲ್ಲಿ ಗದರಿಸಬಹುದು. ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದವನೊಬ್ಬ ವರ್ಷಕ್ಕೆ ಹದಿನಾಲ್ಕು ಟನ್ನಿನ ಆಸುಪಾಸು ಇಂಗಾಲದ ಡೈಆಕ್ಸೈಡು ಬಿಟ್ಟರೆ ನಮ್ಮವನು ಬಿಡುವುದು ಎರಡು ಟನ್ನು. ಸಭೆ ಚಪ್ಪಾಳೆ ತಟ್ಟುತ್ತದೆ, ವಾದ ಗೆಲ್ಲುತ್ತದೆ. ಗೆದ್ದವರಿಗೆ ಬಹುಮಾನವಾಗಿ ಸಿಗುವುದು ಹೊಗೆ. ಏಕೆಂದರೆ ಇಂಗಾಲ ಮಾತ್ರ ಭೂಮಂಡಲಕ್ಕೆಲ್ಲ ಸಮಪಾಲಾಗಿ ಹಂಚಿಹೋಗುವ ಧಾರಾಳಿ. ಗಂಧಕ, ಬೂದಿ, ಮಸಿ ಹಾಗಲ್ಲ, ಅವು ಬಲು ಸ್ವದೇಶಿ. ಬಿಟ್ಟವನ ಅಂಗಳ, ಬಿಟ್ಟವನ ಜಿಲ್ಲೆ, ಹೆಚ್ಚೆಂದರೆ ಪಕ್ಕದ ರಾಜ್ಯ.

ಇವುಗಳ ಆಯುಸ್ಸಿನ ಲೆಕ್ಕವನ್ನೂ ನೋಡಿ. ಇಂದು ಬಿಟ್ಟ ಇಂಗಾಲದ ಡೈಆಕ್ಸೈಡಿನ ದೊಡ್ಡ ಪಾಲು ನೂರಾರು ವರ್ಷ ಮೇಲೆಯೇ ಕೂತಿರುತ್ತದೆ. ಗಂಧಕದಿಂದ ಹುಟ್ಟುವ ಸಲ್ಫೇಟ್ ಕಣಗಳು ಹೆಚ್ಚೂ ಕಡಿಮೆ ಒಂದು ವಾರ ಇದ್ದು ಕೆಳಗಿಳಿಯುತ್ತವೆ. ಎಂದರೆ, ಕಲ್ಲಿದ್ದಲು ಸುಡುವುದನ್ನು ಇಂದು ನಿಲ್ಲಿಸಿದರೆ ಭೂಮಿ ತಣ್ಣಗಾಗುವುದನ್ನು ನೋಡಲು ಮೊಮ್ಮಕ್ಕಳು ಕಾಯಬೇಕು, ಆದರೆ ಉಸಿರು ಹಗುರಾಗಲು ಮುಂದಿನ ಸೋಮವಾರದವರೆಗೆ ಕಾದರೆ ಸಾಕು. ಲೋಕಕಲ್ಯಾಣಕ್ಕಾಗಿ ನಾವೇಕೆ ತ್ಯಾಗ ಮಾಡಬೇಕು ಎಂದು ಕೇಳುವವರಿಗೆ ಇದನ್ನು ಯಾರೂ ಹೇಳಿದಂತಿಲ್ಲ. ಇದರಲ್ಲಿ ತ್ಯಾಗ ಎಲ್ಲಿ ಬಂತು? ಶುದ್ಧ ಸ್ವಾರ್ಥಿಯೊಬ್ಬ, ಹಿಮಕರಡಿಯ ಮೇಲೆ ಕಿಂಚಿತ್ತೂ ಕರುಣೆ ಇಲ್ಲದವನು, ತನ್ನ ತಿದಿ ಮಾತ್ರ ಚೆನ್ನಾಗಿರಲಿ ಎಂದುಕೊಂಡರೂ ಮಾಡಬೇಕಾದ ಕೆಲಸ ಅದೇ.

ಅಮೆರಿಕದ ಪಿಟ್ಸ್‌ಬರ್ಗ್ ಬಳಿ ಶೆನಾಂಗೊ ಎಂಬ ಕೋಕ್ ಕಾರ್ಖಾನೆ ಇತ್ತು. ಕಲ್ಲಿದ್ದಲನ್ನು ಬೇಯಿಸಿ ಉಕ್ಕಿನವರಿಗೆ ಕೋಕ್ ಮಾಡಿಕೊಡುವ ಕೆಲಸ. 2016ರ ಜನವರಿಯಲ್ಲಿ ಬಾಗಿಲು ಹಾಕಿತು. ಸುತ್ತಲಿನ ಬಡಾವಣೆಗಳಿಂದ ಎದೆ ಹಿಡಿದುಕೊಂಡು ತುರ್ತು ಚಿಕಿತ್ಸೆಗೆ ಬರುವವರ ಸಂಖ್ಯೆ ಕೂಡಲೇ ಶೇ. 42ರಷ್ಟು ಇಳಿಯಿತು. 1990ರ ಸೆಪ್ಟೆಂಬರಿನಲ್ಲಿ ಐರ್ಲೆಂಡ್ ಸರ್ಕಾರ ಡಬ್ಲಿನ್ ನಗರದಲ್ಲಿ ಹೊಗೆಗಲ್ಲಿದ್ದಲಿನ ಮಾರಾಟ ನಿಷೇಧಿಸಿತು, ಗಾಳಿಯಲ್ಲಿದ್ದ ಕರಿಹೊಗೆ ಸುಮಾರು ಶೇ. 70ರಷ್ಟು ಕಡಿಮೆಯಾಯಿತು, ಉಸಿರಾಟದ ಕಾಯಿಲೆಯ ಸಾವುಗಳೂ ಇಳಿದವು. ಅಲ್ಲಿನ ಜನ ಕ್ಯಾರೆಟ್ ತಿಂದಿದ್ದರೋ ಇಲ್ಲವೋ ವರದಿಯಲ್ಲಿ ಇಲ್ಲ.

ಕ್ಯಾರೆಟ್ಟಿನ ವಿಷಯಕ್ಕೆ ಆಮೇಲೆ ಬರೋಣ. ಮೊದಲು ನಮ್ಮ ಗಂಧಕದ ಕಥೆ.

2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿತು. ಕಲ್ಲಿದ್ದಲು ಸ್ಥಾವರಗಳು ಬಿಡುವ ಗಂಧಕಕ್ಕೆ ಮಿತಿ ಹಾಕಿತು. ಮಿತಿಯೊಳಗೆ ಬರಬೇಕಾದರೆ ಎಫ್‌ಜಿಡಿ ಎಂಬ ಯಂತ್ರ ಕೂರಿಸಬೇಕು. ಸುಣ್ಣದಕಲ್ಲಿನ ಪುಡಿ ಕಲಸಿದ ನೀರನ್ನು ಹೊಗೆಗೆ ಚಿಮುಕಿಸಿದರೆ ಗಂಧಕ ಜಿಪ್ಸಂ ಆಗಿ ಕೆಳಗೆ ಬೀಳುತ್ತದೆ, ಆ ಜಿಪ್ಸಮ್ಮನ್ನು ಸಿಮೆಂಟಿನವರು ಕೊಳ್ಳುತ್ತಾರೆ. ಬೇರೆ ದೇಶಗಳಲ್ಲಿ ದಶಕಗಳಿಂದ ಇರುವ ಹಳೇ ವಿದ್ಯೆ. 2017ರೊಳಗೆ ಮುಗಿಸಿ ಎಂದರು. ಆಗಲಿಲ್ಲ, 2022 ಎಂದರು. ಆಗಲಿಲ್ಲ, ಇನ್ನೆರಡು ವರ್ಷ. ಮತ್ತೆ ಮೂರು ವರ್ಷ. ಸತ್ಯನಾರಾಯಣ ಪೂಜೆಯ ಹರಕೆ ಹೊತ್ತು ಮರೆತ ವ್ಯಾಪಾರಿಗಾದರೂ ಕಥೆಯಲ್ಲಿ ಶಿಕ್ಷೆ ಇದೆ. ಇಲ್ಲಿ ಹರಕೆ ಮರೆತವರಿಗೆ ಪ್ರಸಾದವೇ ಸಿಕ್ಕಿತು. 2025ರ ಜುಲೈನಲ್ಲಿ ಹೊರಬಿದ್ದ ಅಧಿಸೂಚನೆ ದೇಶದ ಸುಮಾರು ಶೇ. 78ರಷ್ಟು ಸ್ಥಾವರಗಳಿಗೆ ಈ ಯಂತ್ರದ ಗೋಜೇ ಬೇಡ ಎಂದು ವಿನಾಯಿತಿ ಕೊಟ್ಟಿತು.

ಯಾರಿಗೆ ಕಡ್ಡಾಯ? ದೆಹಲಿ ರಾಜಧಾನಿ ವಲಯದ ಅಥವಾ ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರದ ಹತ್ತು ಕಿಲೋಮೀಟರಿನ ಒಳಗಿರುವ ಸ್ಥಾವರಗಳಿಗೆ. ಈ ನಿಯಮವನ್ನು ಓದಿದ ಮೇಲೆ ನನಗೆ ಹೊಗೆಯ ಮೇಲೆ ಗೌರವ ಹೆಚ್ಚಾಗಿದೆ. ನೂರಾರು ಕಿಲೋಮೀಟರ್ ಹಾರಿ, ದಾರಿಯಲ್ಲಿ ಹೊಲದ ಯೂರಿಯಾದಿಂದ ಎದ್ದ ಅಮೋನಿಯಾ ಜೊತೆ ಕೂಡಿ, ಕೂದಲಿನ ಮೂವತ್ತನೇ ಒಂದು ಭಾಗಕ್ಕಿಂತ ಸಣ್ಣ ಕಣವಾಗಿ ಮಾರ್ಪಟ್ಟು ಎದೆಗಿಳಿಯುವ ಈ ಹೊಗೆ, ನಿಯಮಕ್ಕೆ ತಲೆಬಾಗಿ ಹತ್ತನೇ ಕಿಲೋಮೀಟರ್ ಕಲ್ಲಿನ ಹತ್ತಿರ ನಿಂತು, ಹಿಂದಕ್ಕೆ ನೋಡಿ, ಮನೆಗೆ ಮರಳುತ್ತದೆ ಎಂದು ಸಚಿವಾಲಯ ನಂಬಿದೆ. ಹಳ್ಳಿಯಲ್ಲಿ ಹುಟ್ಟಿದ ತಪ್ಪಿಗೆ ಚಿಮಣಿಯ ಕೆಳಗಿರುವವನದು ಬೇರೆ ಮಾತು. ಹತ್ತು ಲಕ್ಷ ಜನ ಸೇರಿಸಿಕೊಂಡು ಬಾ, ಆಮೇಲೆ ಕೆಮ್ಮು ನೋಡೋಣ.

ವಿನಾಯಿತಿಗೆ ಕೊಟ್ಟ ಕಾರಣಗಳಲ್ಲಿ ಮೊದಲನೆಯದು, ನಮ್ಮ ಕಲ್ಲಿದ್ದಲಿನಲ್ಲಿ ಗಂಧಕವೇ ಕಡಿಮೆ. ನಿಜ, ನೂರಕ್ಕೆ ಅರ್ಧದ ಸುತ್ತಮುತ್ತ. ಅದೇ ಕಲ್ಲಿದ್ದಲಿನಲ್ಲಿ ಮೂವತ್ತರಿಂದ ನಲವತ್ತೈದು ಪಾಲು ಬೂದಿ ಇದೆ. ಹಾಗಾಗಿ ಅಷ್ಟೇ ಕರೆಂಟಿಗೆ ಹೆಚ್ಚು ಸುಡಬೇಕು ಎಂಬುದನ್ನು ಕೆಳದನಿಯಲ್ಲಿ ಹೇಳುತ್ತಾರೆ. ಜಗತ್ತಿನಲ್ಲೇ ಅತಿ ಹೆಚ್ಚು ಗಂಧಕದ ಡೈಆಕ್ಸೈಡು ಬಿಡುವ ದೇಶ ನಮ್ಮದು ಎಂಬುದನ್ನು ಹೇಳುವುದೇ ಇಲ್ಲ.

ಎರಡನೆಯ ಕಾರಣಕ್ಕೆ ಮಾತ್ರ ಎದ್ದು ನಿಂತು ಕೈಮುಗಿಯಬೇಕು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅಧ್ಯಯನವೊಂದನ್ನು ಇದಕ್ಕೆ ಆಧಾರವಾಗಿ ಹಿಡಿಯಲಾಯಿತು. ಎಲ್ಲ ಸ್ಥಾವರಗಳಿಗೂ ಎಫ್‌ಜಿಡಿ ಕೂರಿಸಿದರೆ 2025ರಿಂದ 2030ರ ತನಕ 1.7 ಕೋಟಿ ಟನ್ ಗಂಧಕದ ಡೈಆಕ್ಸೈಡು ಕಡಿಮೆಯಾಗುತ್ತದೆ, ಆದರೆ ಆ ಯಂತ್ರ ಓಡಿಸಲು ಬೇಕಾಗುವ ಕರೆಂಟು, ಸುಣ್ಣದಕಲ್ಲು ಎಲ್ಲ ಸೇರಿ 6.9 ಕೋಟಿ ಟನ್ ಇಂಗಾಲದ ಡೈಆಕ್ಸೈಡು ಹೆಚ್ಚಾಗುತ್ತದೆ ಎಂಬ ಲೆಕ್ಕ. ಸಾಲದ್ದಕ್ಕೆ, ಸಲ್ಫೇಟ್ ಕಣಗಳು ಬಿಸಿಲನ್ನು ಹಿಂದಕ್ಕೆ ಚಿಮ್ಮಿಸಿ ಭೂಮಿಯನ್ನು ಒಂದಿಷ್ಟು ತಂಪಾಗಿಡುತ್ತವೆ ಎಂಬುದೂ ವಿಜ್ಞಾನವೇ. ಆದ್ದರಿಂದ ಹವಾಮಾನದ ಹಿತದೃಷ್ಟಿಯಿಂದ ಗಂಧಕ ಇರಲಿ!

ಹತ್ತು ವರ್ಷ ಪರಸ್ಪರ ಮುಖ ನೋಡದ ಎರಡು ಕಡತಗಳು ಕೊನೆಗೂ ಭೇಟಿಯಾದವು. ಭೇಟಿಯಾದ ಕೂಡಲೇ ಒಂದು ಇನ್ನೊಂದರ ಕುತ್ತಿಗೆ ಹಿಸುಕಿತು. ದೇಶದ ಕಲ್ಲಿದ್ದಲು ಸ್ಥಾವರಗಳು ಒಂದೊಂದು ವರ್ಷಕ್ಕೇ ನೂರು ಕೋಟಿ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡು ಬಿಡುತ್ತವೆ. ಅವುಗಳಿಗೆ ಹೊಸದಾಗಿ ಇನ್ನಷ್ಟು ಸ್ಥಾವರ ಸೇರಿಸುವಾಗ ಯಾರಿಗೂ ಹವಾಮಾನ ನೆನಪಾಗಲಿಲ್ಲ. ಆ ಇಂಗಾಲದಲ್ಲಿ ನೂರಕ್ಕೆ ಒಂದರ ಆಸುಪಾಸಿನ ಹೆಚ್ಚಳ ಬರುತ್ತದೆ, ಅದೂ ಜನರ ಉಸಿರಿಗಾಗಿ ಎಂದಾಗ ಮಾತ್ರ ಭೂಮಾತೆಯ ಜ್ವರ ನೆನಪಾಗಿ ಕಣ್ಣು ತುಂಬಿತು. ಗಂಧಕ ತಂಪು ಕೊಡುವುದಾದರೆ ಏಪ್ರಿಲ್‌ನ ರಾಯಚೂರು ಊಟಿಯಾಗಬೇಕಿತ್ತು ಎಂದು ಕುಹಕ ಆಡಬಾರದು. ಎರಡನ್ನೂ ಒಟ್ಟಿಗೇ ಇಳಿಸುವ ದಾರಿಯೊಂದಿದೆ, ಕಲ್ಲಿದ್ದಲು ಕಡಿಮೆ ಸುಡುವುದು. ಅದು ಯಾವ ಕಡತದಲ್ಲೂ ಇರಲಿಲ್ಲವಾದ್ದರಿಂದ ಪರಿಶೀಲನೆಗೆ ಬರಲಿಲ್ಲ.

ಈಗ ಕ್ಯಾರೆಟ್. 2019ರ ನವೆಂಬರಿನಲ್ಲಿ ದೆಹಲಿ ಉಸಿರುಗಟ್ಟಿ ಕೂತಿದ್ದಾಗ, ಮಾಲಿನ್ಯದ ತೊಂದರೆಗಳಿಗೂ ಕ್ಯಾರೆಟ್ ಒಳ್ಳೆಯದೆಂದು ಅಂದಿನ ಕೇಂದ್ರ ಆರೋಗ್ಯ ಸಚಿವ ಡಾ. ಹರ್ಷವರ್ಧನ್ ಟ್ವೀಟ್ ಮಾಡಿದರು. ಅದೇ ದಿನಗಳಲ್ಲಿ ಉತ್ತರ ಪ್ರದೇಶದ ಸಚಿವ ಸುನಿಲ್ ಭರಾಲಾ, ಇಂದ್ರನಿಗೆ ಯಜ್ಞ ಮಾಡಿದರೆ ಅವನೇ ಸರಿ ಮಾಡುತ್ತಾನೆ ಎಂದರು. ಹೊಗೆಗೆ ಹೊಗೆಯೇ ಮದ್ದು ಎಂಬ ಈ ಹೋಮಿಯೋಪಥಿಯನ್ನು ಯಾರೂ ಪ್ರಯೋಗ ಮಾಡಿ ನೋಡಿದಂತಿಲ್ಲ. ಮುಂದಿನ ತಿಂಗಳು ಪರಿಸರ ಸಚಿವ ಪ್ರಕಾಶ್ ಜಾವಡೇಕರ್ ಲೋಕಸಭೆಯಲ್ಲಿ, ಮಾಲಿನ್ಯದಿಂದ ಆಯುಸ್ಸು ಕಡಿಮೆಯಾಗುತ್ತದೆಂದು ಯಾವ ಭಾರತೀಯ ಅಧ್ಯಯನವೂ ತೋರಿಸಿಲ್ಲ ಎಂದು ಧೈರ್ಯ ತುಂಬಿದರು. ಅದಕ್ಕೆ ಸರಿಯಾಗಿ ಒಂದು ವರ್ಷದ ಹಿಂದೆ, ಸರ್ಕಾರದ್ದೇ ಆದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪಾಲುದಾರನಾಗಿದ್ದ ಅಧ್ಯಯನ ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್ ಪತ್ರಿಕೆಯಲ್ಲಿ ಬಂದಿತ್ತು. ಗಾಳಿ ಶುದ್ಧವಿದ್ದಿದ್ದರೆ ಭಾರತೀಯರ ಸರಾಸರಿ ಆಯುಸ್ಸು 1.7 ವರ್ಷ ಹೆಚ್ಚಿರುತ್ತಿತ್ತು ಎಂದು ಅದರಲ್ಲಿತ್ತು. ಅದೇ ತಂಡ ಆಮೇಲೆ ಲೆಕ್ಕ ಹಾಕಿದಂತೆ 2019ರಲ್ಲಿ ದೇಶದಲ್ಲಿ ಗಾಳಿಯಿಂದ ಸತ್ತವರು 16.7 ಲಕ್ಷ.

ಅಂದಿನಿಂದ ಇಂದಿನವರೆಗೆ ಸಂಸತ್ತಿನಲ್ಲಿ ಸರ್ಕಾರದ ಉತ್ತರ ಬದಲಾಗಿಲ್ಲ. ಗಾಳಿಯಿಂದಲೇ, ಕೇವಲ ಗಾಳಿಯಿಂದಲೇ ಸತ್ತರು ಎನ್ನುವುದಕ್ಕೆ ಖಚಿತ ದತ್ತಾಂಶ ಇಲ್ಲ. ಸರಿಯೇ. ಮರಣ ಪ್ರಮಾಣಪತ್ರದಲ್ಲಿ ಹೃದಯಾಘಾತ, ಪಾರ್ಶ್ವವಾಯು, ನ್ಯುಮೋನಿಯಾ ಎಂದಿರುತ್ತದೆ, ‘ಗಾಳಿ’ ಎಂದು ಬರೆಯುವ ಅಂಕಣ ಇಲ್ಲ. ಇದೇ ತರ್ಕದಲ್ಲಿ ಬಡತನದಿಂದಲೂ ಯಾರೂ ಸತ್ತಿಲ್ಲ. ಇನ್ನು, ವಿಶ್ವ ಆರೋಗ್ಯ ಸಂಸ್ಥೆ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ, ನಮ್ಮ ಮಾನದಂಡ 40. ಭಾರತೀಯನ ಶ್ವಾಸಕೋಶ ವಿದೇಶೀಯನದಕ್ಕಿಂತ ಎಂಟು ಪಟ್ಟು ಗಟ್ಟಿ ಎಂಬುದಕ್ಕೆ ಮಾತ್ರ ಖಚಿತ ದತ್ತಾಂಶ ಇರಬೇಕು.

‘ಅಯ್ಯೋ, ಅದೆಲ್ಲ ದೆಹಲಿಯವರ ಗೋಳು ಬಿಡಿ, ನಮ್ಮ ಬೆಂಗಳೂರಿನ ಗಾಳಿ ಎಷ್ಟೋ ವಾಸಿ’ ಎನ್ನುವವರು ಕಾಫಿ ಲೋಟ ಕೆಳಗಿಟ್ಟು ಇದನ್ನು ಓದಬೇಕು. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಹತ್ತು ಭಾರತೀಯ ನಗರಗಳ ಸಾವಿನ ದಾಖಲೆಗಳನ್ನು ಗಾಳಿಯ ಅಳತೆಯೊಂದಿಗೆ ಹೋಲಿಸಿ ನೋಡಿತು. ಎರಡು ದಿನದ ಸರಾಸರಿಯಲ್ಲಿ ಸೂಕ್ಷ್ಮ ಕಣ 10 ಮೈಕ್ರೋಗ್ರಾಂ ಏರಿದರೆ ದೆಹಲಿಯಲ್ಲಿ ದಿನದ ಸಾವು ಶೇ. 0.31 ಹೆಚ್ಚುತ್ತದೆ, ಬೆಂಗಳೂರಿನಲ್ಲಿ ಶೇ. 3.06. ಹತ್ತು ಪಟ್ಟು! ಗಾಳಿ ಸುಮಾರಾಗಿ ಚೆನ್ನಾಗಿರುವ ಊರಿನಲ್ಲಿ ಸ್ವಲ್ಪ ಕೆಡುವುದೇ ಹೆಚ್ಚು ಕೊಲ್ಲುತ್ತದೆ. ಆ ಲೆಕ್ಕದಂತೆ ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 2,100 ಜನ. ಇದನ್ನೇ ತಿರುಗಿಸಿ ಓದಿದರೆ ಒಳ್ಳೆಯ ಸುದ್ದಿ ಇದೆ. ಇಲ್ಲಿ ಒಂದಿಷ್ಟು ಹೊಗೆ ಇಳಿಸಿದರೂ ಉಳಿಯುವ ಜೀವ ಹೆಚ್ಚು, ಖರ್ಚಿಗೆ ಸಿಗುವ ಪ್ರತಿಫಲ ದೆಹಲಿಗಿಂತ ಮೇಲು. ಹೂಡಿಕೆದಾರರ ಸಮಾವೇಶಗಳ ನಗರಕ್ಕೆ ಈ ಭಾಷೆ ಅರ್ಥವಾಗಬೇಕಿತ್ತು.

ನಗರ ಏನು ಮಾಡಿತು? 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ. 2024ರ ಲೆಕ್ಕದಂತೆ ದೇಶದಾದ್ಯಂತ ಆ ಕಾರ್ಯಕ್ರಮದಲ್ಲಿ ಖರ್ಚಾದ ಹಣದ ಸುಮಾರು ಶೇ. 64 ಹೋಗಿದ್ದು ರಸ್ತೆಯ ಧೂಳಿಗೆ. ಕಾರ್ಖಾನೆಗಳ ಹೊಗೆಗೆ ಶೇ. ಒಂದೂ ಇಲ್ಲ. ಧೂಳು ಒಳ್ಳೆಯ ಶತ್ರು. ಕಣ್ಣಿಗೆ ಕಾಣುತ್ತದೆ, ಓಡಿಹೋಗುವುದಿಲ್ಲ, ಅದಕ್ಕೆ ಮಾಲೀಕನಿಲ್ಲ, ಚುನಾವಣೆಗೆ ದೇಣಿಗೆ ಕೊಡುವುದಿಲ್ಲ, ಹೈಕೋರ್ಟಿಗೆ ಹೋಗುವುದಿಲ್ಲ. ನೀರು ಚಿಮುಕಿಸಿ ಫೋಟೋ ತೆಗೆಯಬಹುದು. ಡೀಸೆಲ್ ಎಂಜಿನ್ನಿನ ಗುಡಿಸುವ ಲಾರಿ ಮುಂದೆ ಧೂಳು ನುಂಗುತ್ತ, ಹಿಂದೆ ಹೊಗೆ ಬಿಡುತ್ತ ಮೈಸೂರು ರಸ್ತೆಯಲ್ಲಿ ಹೋಗುವುದನ್ನು ಹಿಂದಿನ ಸ್ಕೂಟರಿನಲ್ಲಿ ಕೂತು ನೋಡಿದವರಿಗೆ ಕಾರ್ಯಕ್ರಮದ ತಾತ್ಪರ್ಯ ಹೇಳಿಕೊಡಬೇಕಿಲ್ಲ.

ಹೊಗೆಯನ್ನೂ ಇಂಗಾಲವನ್ನೂ ಒಟ್ಟಿಗೇ ತಗ್ಗಿಸುವ ಯಂತ್ರ ನಮ್ಮೂರಲ್ಲಿ ಒಂದಿದೆ. ಅದರ ಹೆಸರು ಮೆಟ್ರೊ. 2025ರ ಫೆಬ್ರವರಿಯಲ್ಲಿ ಅದರ ದರ ಏರಿತು, ಗರಿಷ್ಠ ಟಿಕೆಟ್ಟು ಅರವತ್ತರಿಂದ ತೊಂಬತ್ತಕ್ಕೆ ಹೋಯಿತು, ಪ್ರಯಾಣಿಕರು ಇಳಿದರು. ಇಳಿದವರು ಗಾಳಿಯಲ್ಲಿ ಕರಗಲಿಲ್ಲ, ಒಂದು ಕೋಟಿ ವಾಹನ ದಾಟಿದ ಊರಿನ ರಸ್ತೆಗೇ ಸ್ಕೂಟರ್ ಹತ್ತಿಕೊಂಡು ಬಂದರು. ರಸ್ತೆ ಕಿಕ್ಕಿರಿಯಿತಲ್ಲ, ಅದಕ್ಕೆ ಪರಿಹಾರವಾಗಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ 17 ಸಾವಿರ ಕೋಟಿ ರೂಪಾಯಿಗೂ ಮೀರಿದ ಸುರಂಗ ರಸ್ತೆಯ ಯೋಜನೆ. ಹದಿನಾರು ಚಿಲ್ಲರೆ ಕಿಲೋಮೀಟರ್ ಪಾತಾಳದಲ್ಲಿ ಕಾರುಗಳು ಸಾಲಾಗಿ ಹೋಗಲಿವೆ. ಹೊಗೆಯನ್ನು ಗಾಳಿಕೊಳವೆಯಲ್ಲಿ ಮೇಲೆತ್ತಿ ಹೊರಗೆ ಬಿಡಬೇಕು. ಆ ಕೊಳವೆಯ ಬಾಯಿ ಯಾರ ಬೀದಿಯಲ್ಲಿ ತೆರೆಯುತ್ತದೋ ಆ ಬೀದಿಯವರಿಗೆ ನಗರ ಶಕ್ತಿನಗರದ ಸುಖವನ್ನು ಮನೆ ಬಾಗಿಲಿಗೇ ತಂದುಕೊಡಲಿದೆ.

ಹೊಗೆಯನ್ನೂ ಇಂಗಾಲವನ್ನೂ ಒಟ್ಟಿಗೇ ತಗ್ಗಿಸುವುದು ಈ ದೇಶದಲ್ಲಿ ಯಾರಿಗೂ ಹೊಳೆದಿರಲಿಲ್ಲ ಎಂದೇನಲ್ಲ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿ ಅವರು ಅಸ್ತ್ರ ಎಂಬ ಕೇಂದ್ರ ಕಟ್ಟಿದರು. ಅಲ್ಲಿಂದ ಬಂದದ್ದು ಅಸ್ತ್ರ ಒಲೆ. ಮೂರು ಪಾತ್ರೆ ಒಟ್ಟಿಗೇ ಕೂರುವ, ಕಡಿಮೆ ಸೌದೆ ಬೇಡುವ, ಹೊಗೆಯನ್ನು ಅಡುಗೆಮನೆಯಿಂದ ಹೊರಗೆ ಅಟ್ಟುವ ಒಲೆ. ಊದುಗೊಳವೆ ಹಿಡಿದು ಕೆಂಪು ಕಣ್ಣಲ್ಲಿ ಅನ್ನ ಬೇಯಿಸಿದ ಹೆಂಗಸರು ಅದಕ್ಕೆ ‘ವಾಯುಮಾಲಿನ್ಯ ನಿಯಂತ್ರಣ’ ಎನ್ನಲಿಲ್ಲ, ‘ಹವಾಮಾನ ಕ್ರಮ’ ಎಂದೂ ಕರೆಯಲಿಲ್ಲ. ಸೌದೆ ಉಳಿಯಿತು, ಕಣ್ಣೂ ಉಳಿಯಿತು ಎಂದರು. ಎರಡು ಇಲಾಖೆಗಳ ವರದಿ ಒಂದೇ ಉಸಿರಿನಲ್ಲಿ.

ದುಡ್ಡಿಲ್ಲ ಎನ್ನುವ ಮಾತೂ ಬರುತ್ತದೆ. ದುಡ್ಡಿತ್ತು. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಯ ಶುದ್ಧ ಇಂಧನ ಸೆಸ್ ಹಾಕಿದರು. 2016ರ ಹೊತ್ತಿಗೆ ಅದು 400 ಆಯಿತು. ಮಸಿಯಿಂದ ಬಂದ ಹಣದಲ್ಲಿ ಸೂರ್ಯನನ್ನು ಬೆಳೆಸುವ ಚೆಂದದ ಯೋಚನೆ. 2017ರಲ್ಲಿ ಜಿಎಸ್‌ಟಿ ಬಂತು, ಸೆಸ್ ಹೋಗಿ ರಾಜ್ಯಗಳ ತೆರಿಗೆ ನಷ್ಟ ತುಂಬುವ ಹುಂಡಿಗೆ ಬಿತ್ತು. 2025ರ ಸೆಪ್ಟೆಂಬರಿನಲ್ಲಿ ಅದೂ ರದ್ದಾಗಿ, ಕಲ್ಲಿದ್ದಲಿನ ಜಿಎಸ್‌ಟಿ ಶೇ. 5ರಿಂದ 18ಕ್ಕೆ ಏರಿತು. ಆ ವರ್ಷದ ಕೊನೆಯಲ್ಲಿ ಗಾಳಿ ಶುದ್ಧಿ ಮಾಡುವ ಏರ್ ಪ್ಯೂರಿಫೈಯರ್ ಮೇಲಿನ ಜಿಎಸ್‌ಟಿಯೂ ಶೇ. 18. ರೋಗಕ್ಕೂ ಮದ್ದಿಗೂ ಒಂದೇ ತೆರಿಗೆ, ಸಮಾನತೆ ಎಂದರೆ ಇದು.

ಆ ಪ್ಯೂರಿಫೈಯರ್ ಈಗ ವೈಟ್‌ಫೀಲ್ಡ್, ಸರ್ಜಾಪುರದ ಫ್ಲ್ಯಾಟುಗಳಲ್ಲಿ ಮಕ್ಕಳ ಮಂಚದ ಪಕ್ಕ ಕೂತಿದೆ. ಹಗಲಲ್ಲಿ ಪಾವಗಡದ ಹದಿಮೂರು ಸಾವಿರ ಎಕರೆಯ ಸೌರಫಲಕಗಳು ಕರೆಂಟು ಕೊಡುತ್ತವೆ. ಮಗು ಮಲಗುವ ಹೊತ್ತಿಗೆ ಸೂರ್ಯ ಡ್ಯೂಟಿ ಮುಗಿಸಿ ಹೋಗಿರುತ್ತಾನೆ, ಗ್ರಿಡ್ಡಿನಲ್ಲಿ ಬಳ್ಳಾರಿಯ ಕುಡತಿನಿಯ ಉಷ್ಣ ಸ್ಥಾವರದಲ್ಲಿ ಸುಡುವ ಕಲ್ಲಿದ್ದಲಿನ ಪಾಲು ಏರುತ್ತದೆ. ಬೆಂಗಳೂರಿನ ಒಂದು ಕೋಣೆಯ ಗಾಳಿ ತಿಳಿಯಾಗಲು ಕುಡತಿನಿ ಸುತ್ತಲಿನ ಗಾಳಿ ಇನ್ನಷ್ಟು ದಪ್ಪವಾಗಬೇಕು. ಇಲ್ಲಿಯ ಫಿಲ್ಟರನ್ನು ಬಿಚ್ಚಿ ಬಾಲ್ಕನಿಯ ಬೆಳಕಿಗೆ ಹಿಡಿದು, ಬಿಳಿ ಇದ್ದದ್ದು ಹೇಗೆ ಬೂದಿಬಣ್ಣವಾಗಿದೆ ನೋಡಿ ಎಂದು ವಾಟ್ಸ್‌ಆ್ಯಪ್ ಗುಂಪಿಗೆ ಫೋಟೋ ಹಾಕಬಹುದು, ಹೊಸದನ್ನು ಆನ್‌ಲೈನಿನಲ್ಲಿ ತರಿಸಬಹುದು. ಅಲ್ಲಿಯವರ ಫಿಲ್ಟರು ಪಕ್ಕೆಲುಬಿನ ಒಳಗಡೆ ಇದೆ. ಬದಲಾಯಿಸಲು ಬಿಡಿಭಾಗ ಸಿಗದ ಕಾರಣ ಅದರ ಮೇಲೆ ಸದ್ಯಕ್ಕೆ ಜಿಎಸ್‌ಟಿ ಇಲ್ಲ.